ಕಯಾಕ್‌ನಲ್ಲಿ ದ್ವೀಪ ಸುತ್ತುವ ಮೊದಲು ಇಳಿಯುವ ಜಾಗ ಹುಡುಕಿ

ಮಲ್ಪೆಯಲ್ಲಿ ಸಮುದ್ರದ ಕಯಾಕಿಂಗ್, ಅಂದರೆ ಕಿರಿದಾದ ಪುಟ್ಟ ದೋಣಿಯಲ್ಲಿ ಕೂತು ಹುಟ್ಟು (ಪ್ಯಾಡಲ್) ಹಾಕುವುದನ್ನು ಕಲಿಸುವುದು ನನ್ನ ಕೆಲಸ. ಒಂದು ಗಂಟೆ ಖುಷಿಪಟ್ಟು ಹೋಗುವವರೇ ಇಲ್ಲಿ ಜಾಸ್ತಿ. ಆದರೆ ಆಗಾಗ ಒಬ್ಬರು ದೊಡ್ಡ ಆಸೆ ಹೊತ್ತು ಬರುತ್ತಾರೆ. ಯಾವುದೋ ಒಂದು ದ್ವೀಪವನ್ನು ದಡ ಹಿಡಿದು ಪೂರ್ತಿ ಸುತ್ತಬೇಕು, ವಾರಗಟ್ಟಲೆ ಕಡಲಲ್ಲೇ ಇರಬೇಕು, ತಯಾರಿ ಮಾಡಿಸಿ ಅನ್ನುತ್ತಾರೆ. ಇಂಥವರ ಜೊತೆ ಕೆಲಸ ಮಾಡುತ್ತಾ ನನಗೆ ಗಟ್ಟಿಯಾಗಿ ಮನಸ್ಸಿಗೆ ಬಂದದ್ದು ಒಂದೇ ಮಾತು: ದಿನದ ದೂರವನ್ನು ತೋಳಿನ ಬಲ ನೋಡಿ ಹಾಕಬೇಡಿ, ಇಳಿಯಲು ಜಾಗ ಎಲ್ಲಿದೆ ಅಂತ ನೋಡಿ ಹಾಕಿ.

ಮಣಿಪಾಲದ ಹುಡುಗನೊಬ್ಬ ಶ್ರೀಲಂಕಾ ಸುತ್ತುವ ಪ್ಲಾನ್ ತಂದಿದ್ದ. ಕರಾವಳಿ ಸುಮಾರು 1,340 ಕಿಲೋಮೀಟರ್. "ದಿನಕ್ಕೆ 30 ಕಿಲೋಮೀಟರ್ ಹೋದ್ರೆ 45 ದಿನ ಸಾಕು ಸರ್" ಅಂದ. ಲೆಕ್ಕದಲ್ಲಿ ತಪ್ಪಿಲ್ಲ. ಸಾಮಾನು ತುಂಬಿದ ಕಯಾಕ್ ಗಂಟೆಗೆ ಐದಾರು ಕಿಲೋಮೀಟರ್ ಹೋಗುತ್ತದೆ, ಆರು ಗಂಟೆ ಪ್ಯಾಡಲ್ ಹಾಕುವ ಶಕ್ತಿ ಅವನಿಗಿತ್ತು.

"ಆ 30ನೇ ಕಿಲೋಮೀಟರಿನಲ್ಲಿ ಎಂತ ಉಂಟು ಮಾರಾಯಾ? ಮರಳಾ, ಬಂಡೆಯಾ, ಅಳಿವೆಯಾ?" ಅಂತ ಕೇಳಿದೆ. ಅವನು ನೋಡಿರಲಿಲ್ಲ.

ಮ್ಯಾಪಿನಲ್ಲಿ ದಡ ಅಂದರೆ ಒಂದು ಗೆರೆ, ಅಷ್ಟೇ. ನಮ್ಮ ಊರನ್ನೇ ತೆಗೆದುಕೊಳ್ಳಿ. ಮಲ್ಪೆಯಿಂದ ತೆಂಕಕ್ಕೆ ಪಡುಕೆರೆ, ಮಟ್ಟು, ಕಾಪು ಅಂತ ಹೋದರೆ ಮ್ಯಾಪಿನಲ್ಲಿ ಉದ್ದಕ್ಕೂ ಬೀಚ್ ಕಾಣುತ್ತದೆ. ಹತ್ತಿರ ಹೋದರೆ ಕೆಲವು ಕಡೆ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆ. ಇಳಿತದ ಹೊತ್ತಿಗೆ, ಅಂದರೆ ಸಮುದ್ರದ ನೀರು ತಗ್ಗಿದಾಗ, ಅದರ ಮುಂದೆ ಒಂದಿಷ್ಟು ಮರಳು ಇರಬಹುದು. ಭರತ ಏರಿದಾಗ ಅಲೆ ನೇರ ಕಲ್ಲಿಗೇ ಬಡಿಯುತ್ತದೆ. ಬೆಳಿಗ್ಗೆ ಇಳಿಯಬಹುದಾದ ಜಾಗ ಮಧ್ಯಾಹ್ನ ಇಳಿಯಲಾಗದ ಜಾಗ ಆಗಿರುತ್ತದೆ.

ಬಡಗಕ್ಕೆ ಹೋದರೆ ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ನದಿಗಳು ಸಮುದ್ರ ಸೇರುವ ಅಳಿವೆ. ನೋಡಿದರೆ ಒಳಗೆ ನುಗ್ಗಿ ಆರಾಮಾಗಿ ನದಿಯಲ್ಲಿ ನಿಲ್ಲಬಹುದು ಅನಿಸುತ್ತದೆ. ಆದರೆ ಇಳಿತದ ಸಮಯದಲ್ಲಿ ನದಿ ನೀರು ಹೊರಗೆ ರಭಸದಿಂದ ಬರುತ್ತದೆ, ಸಮುದ್ರದ ಅಲೆ ಅದಕ್ಕೆ ಎದುರಾಗಿ ಬರುತ್ತದೆ. ಎರಡೂ ಮುಖಾಮುಖಿಯಾದಾಗ ಅಲೆ ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ. ಅಳಿವೆಯ ಮರಳು ದಿಬ್ಬ ಬೇರೆ ಜಾಗ ಬದಲಿಸುತ್ತಾ ಇರುತ್ತದೆ. ಅದು ಈ ವಾರ ಎಲ್ಲಿದೆ ಅಂತ ಯಾವ ಮ್ಯಾಪೂ ಹೇಳುವುದಿಲ್ಲ, ಅಲ್ಲಿ ದಿನಾ ನಾಡದೋಣಿ ದಾಟಿಸುವವರು ಹೇಳುತ್ತಾರೆ. ದಕ್ಕೆಯಲ್ಲಿ ಹತ್ತು ನಿಮಿಷ ನಿಂತು ಮೀನುಗಾರರ ಹತ್ತಿರ ಮಾತಾಡುವುದನ್ನು ನಾನು ಪಾಠದ ಭಾಗವೇ ಮಾಡಿದ್ದೇನೆ. "ಅಣ್ಣಾ, ಅಳಿವೆ ಬಾಗಿಲು ಹೇಗುಂಟು?" ಅಂತ ಕೇಳಿದರೆ ಸಾಕು, ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲಕ್ಕೆ ಹರಿದ ಲಾವಾ ತಣ್ಣಗಾಗಿ ಆದ ಕಂಬಗಳು ಅಲ್ಲಿವೆ. ಪ್ರವಾಸಿಗಳು ಅವುಗಳ ಫೋಟೋ ತೆಗೆಯುತ್ತಾರೆ. ನಾನು ತೋರಿಸುವುದು ಅವುಗಳ ಬುಡದ ನೀರನ್ನು. ಕಲ್ಲು ನೆಟ್ಟಗೆ ನಿಂತಿರುವುದರಿಂದ ಪಶ್ಚಿಮದಿಂದ ಬಂದ ಅಲೆ ಒಡೆದು ಸಾಯುವುದಿಲ್ಲ, ಬಡಿದು ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಕೂಡಿದ ಕಡೆ ನೀರು ಸುಮ್ನೆ ಮೇಲಕ್ಕೆ ಜಿಗಿಯುತ್ತದೆ. ಅಲ್ಲಿ ಕಯಾಕ್ ಯಾವ ಕಡೆ ವಾಲುತ್ತದೆ ಅಂತ ಹೇಳಲಾಗದು. ಸಾಕಷ್ಟು ದೂರ ಬಿಟ್ಟೇ ಸುತ್ತಬೇಕು. ದಡದ ಕಡೆ ಮುಖ ಮಾಡಿದ ಪೂರ್ವದ ಮಗ್ಗುಲಿಗೆ ಬಂದರೆ ಅದೇ ದ್ವೀಪ ಅಲೆಗೆ ಅಡ್ಡ ನಿಂತು ನಮ್ಮನ್ನು ಕಾಯುತ್ತದೆ. ಅಷ್ಟು ಚಿಕ್ಕ ದ್ವೀಪದಲ್ಲೇ ಎರಡು ಬೇರೆ ಬೇರೆ ಸಮುದ್ರ.

ದೊಡ್ಡ ದ್ವೀಪದಲ್ಲೂ ಹೀಗೇ. ಶ್ರೀಲಂಕಾಕ್ಕೆ ನೈಋತ್ಯ ಮಳೆಗಾಲದಲ್ಲಿ ಪಶ್ಚಿಮ ಮತ್ತು ದಕ್ಷಿಣದ ದಡಕ್ಕೆ ಪೆಟ್ಟು, ಈಶಾನ್ಯ ಮಳೆಗಾಲದಲ್ಲಿ ಪೂರ್ವದ ದಡಕ್ಕೆ. ಹೊರಡುವ ತಿಂಗಳು, ಸುತ್ತುವ ದಿಕ್ಕು ಎರಡನ್ನೂ ಇದೇ ಹೇಳಬೇಕು.

ದೂರ ಹೋದವರ ಕಥೆಯೂ ಇದನ್ನೇ ಹೇಳುತ್ತದೆ. ನ್ಯೂಜಿಲೆಂಡಿನ ಪಾಲ್ ಕ್ಯಾಫಿನ್ 1981–82ರಲ್ಲಿ ಕಯಾಕ್‌ನಲ್ಲಿ ಇಡೀ ಆಸ್ಟ್ರೇಲಿಯಾ ಸುತ್ತಿದರು, 360 ದಿನಗಳಲ್ಲಿ. ಪಶ್ಚಿಮದ ಜುಯ್ಟ್‌ಡಾರ್ಪ್ ಕಡಿಬಂಡೆಗಳ ಹತ್ತಿರ ಕಾಲಿಡಲು ಜಾಗವೇ ಇಲ್ಲ. ಅಲ್ಲಿ ಅವರು ನಿಲ್ಲದೆ 34 ಗಂಟೆ ಪ್ಯಾಡಲ್ ಹಾಕಬೇಕಾಯಿತು. 2009ರಲ್ಲಿ ಜರ್ಮನಿಯ ಫ್ರೇಯಾ ಹಾಫ್‌ಮೈಸ್ಟರ್ ಅದೇ ಸುತ್ತನ್ನು 332 ದಿನಗಳಲ್ಲಿ ಮುಗಿಸಿದರು. ಅವರ ಸಾಹಸಕ್ಕೆ ನನಗೆ ಬಹಳ ಗೌರವ. ಆದರೆ ನನ್ನ ಹತ್ತಿರ ಕಲಿಯುವವರು ಆ 34 ಗಂಟೆಯನ್ನು ಶಕ್ತಿಯ ಕಥೆ ಅಂತ ಓದುವುದು ನನಗೆ ಇಷ್ಟವಿಲ್ಲ. ಮುಂದೆ ದಡ ಇಲ್ಲ ಅಂತ ಮೊದಲೇ ಗೊತ್ತಿದ್ದು, ಗಾಳಿ-ಅಲೆ ನೋಡಿ ಹೊರಟವರ ಕಥೆ ಅದು.

ಹಾಗಾಗಿ ಆ ಹುಡುಗನ ಮ್ಯಾಪಿನಿಂದ ಕಿಲೋಮೀಟರುಗಳನ್ನು ಅಳಿಸಿಬಿಟ್ಟೆವು. ಯಾವ ಹೊತ್ತಿಗೂ ಇಳಿಯಬಹುದಾದ ಜಾಗಕ್ಕೆ ಹಸಿರು, ಭರತ ಅಥವಾ ಇಳಿತ ನೋಡಿಯೇ ಇಳಿಯಬೇಕಾದ ಕಡೆ ಹಳದಿ, ಇಳಿಯಲೇಬಾರದ ಕಡೆ ಕೆಂಪು. ಹಸಿರಿನಿಂದ ಹಸಿರಿಗೆ ಒಂದು ದಿನ. ಕೆಲವು ದಿನ 12 ಕಿಲೋಮೀಟರಿಗೇ ಮುಗಿಯಿತು, ಕೆಲವು ದಿನ 40 ದಾಟಿತು. ದಿನಗಳೂ ಜಾಸ್ತಿಯಾದವು. ಅವನಿಗೆ ಬೇಜಾರಾಯಿತು, ಆದರೆ ಪ್ಲಾನ್ ಈಗ ನಂಬುವ ಹಾಗಾಯಿತು.

ಹಸಿರು ಜಾಗದಲ್ಲೂ ಅಲೆ ದಾಟಿಯೇ ಇಳಿಯಬೇಕು ಅಲ್ವಾ? ಸಮುದ್ರದ ಕಡೆಯಿಂದ ನೋಡಿದರೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ. ಎತ್ತರ ಯಾವಾಗಲೂ ಕಡಿಮೆ ಅನಿಸುತ್ತದೆ. ಅದಕ್ಕೇ ಅಲೆ ಒಡೆಯುವ ಸಾಲಿನ ಹೊರಗೆ ನಿಂತು ಸ್ವಲ್ಪ ಹೊತ್ತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಗುಂಪಿನ ಕೊನೆಯ ಅಲೆಯ ಹಿಂದೆಯೇ ಒಳಗೆ ಹೋಗಿ. ಕಯಾಕ್ ಅಡ್ಡ ತಿರುಗಿದರೆ ಅಲೆಯ ಕಡೆಗೇ ವಾಲಿ, ದಡದ ಕಡೆಗಲ್ಲ. ಇಳಿದ ಮೇಲೆ ಕಯಾಕ್ ಮತ್ತು ದಡದ ನಡುವೆ ಮಾತ್ರ ನಿಲ್ಲಬೇಡಿ. ನೀರು ತುಂಬಿದ ಕಯಾಕ್ ನೂರು ಕಿಲೋ ದಾಟುತ್ತದೆ. ಮುಂದಿನ ಅಲೆ ಅದನ್ನು ನಿಮ್ಮ ಮೊಣಕಾಲಿಗೇ ತಂದು ಹೊಡೆಯುತ್ತದೆ.

ಹೊರಡುವ ಹಿಂದಿನ ದಿನ ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಸಮುದ್ರದ ಮುನ್ಸೂಚನೆ ನೋಡಿ. ಅಲೆಯ ಎತ್ತರ ನೋಡಿ ಬಿಟ್ಟುಬಿಡಬೇಡಿ, ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಅಂತಲೂ ನೋಡಿ. 15 ಸೆಕೆಂಡ್ ದಾಟಿದ ಅಲೆ ದೂರದ ದಕ್ಷಿಣ ಸಮುದ್ರದಲ್ಲಿ ಹುಟ್ಟಿ ಬಂದಿರುವ ಸಾಧ್ಯತೆ ಜಾಸ್ತಿ. ಇಲ್ಲಿ ಗಾಳಿಯೇ ಇಲ್ಲದ ದಿನವೂ ಅದು ದಡದಲ್ಲಿ ದೊಡ್ಡದಾಗಿ ಒಡೆಯುತ್ತದೆ. ಕೇರಳದಲ್ಲಿ ಕಳ್ಳಕ್ಕಡಲ್ ಅನ್ನುವುದು ಇಂಥದ್ದಕ್ಕೇ. ಆ ದಿನ ಹಸಿರು ಜಾಗಗಳಲ್ಲಿ ಅರ್ಧ ಹಳದಿಯಾಗುತ್ತವೆ.

ಬಣ್ಣ ಹಚ್ಚಿದ ಮ್ಯಾಪಿನ ಒಂದು ಪ್ರತಿ ಮನೆಯವರ ಹತ್ತಿರ ಇರಲಿ. ಇವತ್ತು ಎಲ್ಲಿ ಇಳಿಯುತ್ತೀರಿ, ಅದು ಆಗದಿದ್ದರೆ ಎಲ್ಲಿ, ಎಷ್ಟು ಗಂಟೆಯೊಳಗೆ ಫೋನ್ ಬರಬೇಕು ಅಂತ ಅದರಲ್ಲೇ ಬರೆದಿಡಿ. ನಮ್ಮ ಕರಾವಳಿಯಲ್ಲಿ ಅಭ್ಯಾಸ ಮಾಡುವಾಗ ಆ ಹೊತ್ತು ಮೀರಿದರೆ ಅವರು ಕರಾವಳಿ ಕಾವಲು ಪೊಲೀಸರ 1093ಕ್ಕೆ ಅಥವಾ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿ, ಮ್ಯಾಪ್ ನೋಡಿ ಆ ಎರಡು ಜಾಗದ ಹೆಸರು ಹೇಳಲಿ.