ಮಜ್ಜಿಗೆ ಇಲ್ಲದೆ ಊಟ ಮುಗಿಯುವುದು ಹೇಗೆ?

"ಮಜ್ಜಿಗೆ ಇಲ್ಲದೆ ನಿಮಗೆ ಊಟ ಹೇಗೆ ಮುಗಿಯುತ್ತದೆ ಅಕ್ಕಾ?"

ಮದುವೆ, ಉಪನಯನ, ತಿಥಿ, ಎಲ್ಲಿಗೆ ಹೋದರೂ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುವುದು ಇದನ್ನೇ. ಹಾಲು, ಮೊಸರು, ತುಪ್ಪ ಬಿಟ್ಟು ನನಗೆ ಮೂರು ವರ್ಷವಾಯಿತು. ಮೊದಲಿಂದಲೂ ಸಸ್ಯಾಹಾರಿ, ಹಾಗಾಗಿ ಬಿಟ್ಟದ್ದು ಇಷ್ಟೇ. ಆದರೆ ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮೂರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ತಂಬುಳಿಗೆ ಮಜ್ಜಿಗೆ, ಮೇಲಾರಕ್ಕೆ ಮಜ್ಜಿಗೆ, ಸಾಸಮೆಗೆ ಮೊಸರು. ಕೊನೆಗೆ ಮಜ್ಜಿಗೆ ಅನ್ನ ಉಣ್ಣದೆ ಎದ್ದರೆ ಊಟ ಆದ ಹಾಗೇ ಇಲ್ಲ.

ನನ್ನ ಉತ್ತರ ಸ್ವಲ್ಪ ಉದ್ದ. ಪಂಕ್ತಿಯಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷ ನನ್ನ ಮಧ್ಯಾಹ್ನದ ಊಟ ಎಂದರೆ ಮಜ್ಜಿಗೆ ಅನ್ನ ಮಾತ್ರ. ಎಲ್ಲರಿಗೂ ಬಡಿಸಿ ಆಗುವಾಗ ಎರಡು ಗಂಟೆ. ಪಲ್ಯ ತಳ ಕಂಡಿರುತ್ತಿತ್ತು. ಕೊದಿಲಿನಲ್ಲಿ, ಅಂದರೆ ಹುಳಿಯಲ್ಲಿ, ಹೋಳು ಇರುತ್ತಿರಲಿಲ್ಲ. ಮಿಕ್ಕ ಅನ್ನಕ್ಕೆ ಮಜ್ಜಿಗೆ ಸುರಿದು, ಉಪ್ಪಿನಕಾಯಿ ನೆಂಚಿಕೊಂಡು, ಒಲೆಯ ಹತ್ತಿರ ನಿಂತೇ ಉಂಡು ಮುಗಿಸುತ್ತಿದ್ದೆ. ಹೊಟ್ಟೆ ತುಂಬುತ್ತಿತ್ತು, ಅಷ್ಟೇ. ನಲವತ್ತೆಂಟಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಹಾಲು ಕುಡಿದರೆ ಹೊಟ್ಟೆ ಉಬ್ಬರವೂ ಇತ್ತು. ಒಂದು ತಿಂಗಳು ಹಾಲಿನದ್ದೆಲ್ಲ ಬಿಟ್ಟು ನೋಡುತ್ತೇನೆ ಎಂದು ಶುರು ಮಾಡಿದೆ.

ಮೊದಲ ದಿನವೇ ಗೊತ್ತಾಯಿತು. ಮಜ್ಜಿಗೆ ಇಲ್ಲದಿದ್ದರೆ ಮಿಕ್ಕ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನನಗೂ ಪಲ್ಯ ಬೇಕು, ಸಾರು ಬೇಕು. ಅಂದರೆ ನನ್ನ ಪಾಲು ಮೊದಲೇ ತೆಗೆದಿಡಬೇಕು. ಆವತ್ತಿನಿಂದ ಎಲ್ಲರ ಜೊತೆಗೇ ಕೂತು ಬಿಸಿಬಿಸಿ ಉಣ್ಣುತ್ತೇನೆ. ಆರೋಗ್ಯ ಸುಧಾರಿಸಿದ್ದು ಹಾಲು ಬಿಟ್ಟದ್ದರಿಂದ ಎಷ್ಟು, ಇದರಿಂದ ಎಷ್ಟು ಎಂದು ಬೇರೆ ಮಾಡಿ ಹೇಳಲಾರೆ. ಹಾಲಿನ ಜೊತೆಗೆ ದಿನಕ್ಕೆ ನಾಲ್ಕು ಲೋಟ ಸಕ್ಕರೆ ಹಾಕಿದ ಚಾ ಕೂಡ ನಿಂತಿತ್ತು. ಅನ್ನ ಅರ್ಧವಾಗಿತ್ತು. ಈಗ ಎಚ್‌ಬಿಎ1ಸಿ 5.6.

"ಶಕ್ತಿ ಎಲ್ಲಿಂದ ಮಾರಾಯ್ತಿ?" ಎಂದು ಅತ್ತೆ ಆತಂಕಪಟ್ಟಿದ್ದರು. ನಮ್ಮ ಅಡುಗೆಕೋಣೆಯಲ್ಲೇ ಇದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಬಸಳೆ, ಹರಿವೆ, ಹಲಸಿನ ಬೀಜ, ಹೆಸರುಕಾಳು ಯಾವುದೂ ಹೊರಗಿಂದ ಬಂದದ್ದಲ್ಲ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯಬೇಕಾದರೆ ಒಂದು ಚೂರು ಲಿಂಬೆ ಹಿಂಡಿ. ಊಟದ ಬೆನ್ನಿಗೇ ಚಾ ಕುಡಿಯಬೇಡಿ.

ಪ್ರಾಣಿಗಳಿಂದ ಬರುವ ಏನನ್ನೂ ತಿನ್ನದ ಇಂಥ ಊಟಕ್ಕೆ ವೀಗನ್ ಎಂಬ ಹೆಸರು ಮಾತ್ರ ಹೊರಗಿನದು, 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ನವೆಂಬರ್ 1ನ್ನು ವಿಶ್ವ ವೀಗನ್ ದಿನ ಎನ್ನುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ಆ ತಾರೀಕು ಎಂದರೆ ಊರು ಕೇರಳಕ್ಕೆ ಸೇರಿದ 1956, ಅದು ಬೇರೆಯೇ ಮಾತು.

ಇನ್ನು ಮೊಸರು. ಕಡೆಗೂ ಅದಿಲ್ಲದೆ ನನಗೆ ಆಗಲಿಲ್ಲ, ತಂಬುಳಿ ಅಷ್ಟು ಇಷ್ಟ. ಒಂದು ಲೋಟ ನೆಲಗಡಲೆಯನ್ನು ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ಮೂರು ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಬೇಕು. ಆ ಹಾಲನ್ನು ಕುದಿಸುವಾಗ ಕೈ ಬಿಡಬಾರದು, ಚೂರು ಆಚೆ ತಿರುಗಿದರೂ ತಳ ಹಿಡಿಯುತ್ತದೆ. ಉಗುರು ಬೆಚ್ಚಗಾದಾಗ ಹಸಿಮೆಣಸಿನ ಏಳೆಂಟು ತೊಟ್ಟು ಹಾಕಿ ಮುಚ್ಚಿಡುವುದು. ಬೇಸಿಗೆಯಲ್ಲಿ ಎಂಟು ಗಂಟೆಗೆ ಹೆಪ್ಪಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒಂದು ಇಡೀ ದಿನ ಬೇಕು. ಮೊದಲ ಸಲದ್ದು ತೆಳು, ಅದನ್ನೇ ಹೆಪ್ಪಿಗೆ ಇಟ್ಟುಕೊಂಡರೆ ಮರುದಿನದ್ದು ಗಟ್ಟಿ. ಕಡಲೆಯ ಪರಿಮಳ ಪೂರ್ತಿ ಹೋಗುವುದಿಲ್ಲ. ಸಾಸಿವೆ, ಒಣಮೆಣಸು, ಕರಿಬೇವಿನಸೊಪ್ಪಿನ ಒಗ್ಗರಣೆ ಬಿದ್ದರೆ ಒಂದೆಲಗದ ತಂಬುಳಿಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಮಂಜೇಶ್ವರದ ಕೊಂಕಣಿ ಗೆಳತಿಯ ಮನೆಗೆ ಹೋದರೆ ಇದೂ ಬೇಡ. ಪುನರ್ಪುಳಿಗೆ (ಕೋಕಂ) ಕಾಯಿಹಾಲು ಬೆರೆಸಿದ ಅವರ ಸೋಲ್ ಕಡಿಯೇ ಸಾಕು.

ಎರಡು ಕಡೆ ನಾನು ಎಡವಿದೆ. ನೀವು ಎಡವಬೇಡಿ.

ಒಂದು, ಬಿ12 ವಿಟಮಿನ್. ಇದನ್ನು ಗಿಡವೂ ಮಾಡುವುದಿಲ್ಲ, ದನವೂ ಮಾಡುವುದಿಲ್ಲ, ಬ್ಯಾಕ್ಟೀರಿಯಾ ಮಾತ್ರ ಮಾಡುತ್ತದೆ. ದನದ ಹೊಟ್ಟೆಯ ಬ್ಯಾಕ್ಟೀರಿಯಾದಿಂದ ಹಾಲಿಗೆ ಬರುತ್ತದೆ. ಹಾಲು ಬಿಟ್ಟರೆ ಅದೂ ಇಲ್ಲ. ಲಿವರಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ. ಬರೀ ಸಸ್ಯಾಹಾರ ತಿಂದವರ ದಾಸ್ತಾನು ಮೊದಲೇ ಕಡಿಮೆ ಇರಬಹುದು. ನನಗೆ ಒಂದು ವರ್ಷ ಆಗುವಷ್ಟರಲ್ಲಿ ಅಂಗಾಲು ಜುಮ್ಮೆನ್ನತೊಡಗಿತು. ವಯಸ್ಸಾಯಿತು ಅಂದುಕೊಂಡು ಎರಡು ತಿಂಗಳು ಸುಮ್ನೆ ಕೂತೆ. ಪರೀಕ್ಷೆಯಲ್ಲಿ ಬಂದದ್ದು ಮಿಲಿಲೀಟರಿಗೆ 142 ಪಿಕೊಗ್ರಾಂ. 200ಕ್ಕಿಂತ ಕೆಳಗಿದ್ದರೆ ಕೊರತೆ. ಇಂಜೆಕ್ಷನ್ ತೆಗೆದುಕೊಂಡೆ, ಈಗ ಮಾತ್ರೆ ತಪ್ಪಿಸುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು ಇನ್ನೂ ಜಾಸ್ತಿ ಎಚ್ಚರ ಇರಬೇಕು, ಆ ಮಾತ್ರೆ ಬಿ12 ಇಳಿಸಬಲ್ಲದು. ಹಾಲು ಬಿಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಇನ್ನೊಂದು, ತೆಂಗು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು. ಹಾಲು ಬಿಟ್ಟ ಮೇಲೆ ನಾನು ಎಲ್ಲದಕ್ಕೂ ಕಾಯಿಹಾಲು ಹಾಕತೊಡಗಿದೆ. ಪಾಯಸಕ್ಕೂ ಅದೇ, ಮೇಲಾರಕ್ಕೂ ಅದೇ. ಕೆಟ್ಟ ಕೊಲೆಸ್ಟರಾಲ್ ಏರಿತು. ತೆಂಗಿನೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಚುರೇಟೆಡ್ ಕೊಬ್ಬು, ಕಾಯಿಹಾಲಿನ ಕೊಬ್ಬೂ ಅದೇ ಜಾತಿ. ತೆಂಗನ್ನು ಪೂರ್ತಿ ಬಿಡಲು ನನಗೆ ಮನಸ್ಸಿಲ್ಲ. ವಾರದಲ್ಲಿ ನಾಲ್ಕು ದಿನ ಬೋಳುಕೊದಿಲು ಮಾಡುತ್ತೇನೆ. ಕಾಯಿ ಅರೆದು ಹಾಕದ ಹುಳಿಗೆ ಹಿರಿಯರು ಹೆಸರು ಇಟ್ಟೇ ಹೋಗಿದ್ದಾರೆ, ಅಲ್ವಾ?

ಅತ್ತೆಯ ಗಿಡ್ಡ ದನ ಈಗಲೂ ಹಟ್ಟಿಯಲ್ಲಿದೆ. ಅಕ್ಕಚ್ಚು ಕೊಡುವುದು ನಾನೇ. ಮನೆಯವರು ಹಾಲು ಕುಡಿಯುತ್ತಾರೆ. ಯಾರಿಗೂ ಬಿಡಿ ಎಂದು ನಾನು ಹೇಳಿಲ್ಲ.

ಮೊನ್ನೆ ನೀರ್ಚಾಲಿನಲ್ಲಿ ಒಂದು ಮದುವೆ. ಮಜ್ಜಿಗೆ ಬಂತು, ಬೇಡ ಎಂದು ಕೈ ಅಡ್ಡ ಹಿಡಿದೆ. ಪಕ್ಕದವರು ಅದೇ ಪ್ರಶ್ನೆ ಕೇಳಿದರು. ಎಲೆಯಲ್ಲಿ ಕೊನೆಯ ಹಿಡಿ ಅನ್ನ ಇತ್ತು. ಬಡಿಸುವ ಹುಡುಗನನ್ನು ಕರೆದು ಅದಕ್ಕೆ ಇನ್ನೊಂದು ಸೌಟು ಬಿಸಿ ಸಾರು ಹಾಕಿಸಿಕೊಂಡೆ.