"ಇವಳಿಗೆ ಕ್ಲಿಪ್ ಯಾವಾಗ ಹಾಕಿಸೋಣ ಡಾಕ್ಟ್ರೇ?"

ನಾನು ಹಲ್ಲಿನ ಡಾಕ್ಟರು, ಅದರಲ್ಲೂ ಸೊಟ್ಟ ಹಲ್ಲು ನೆಟ್ಟಗೆ ಮಾಡುವವನು ಎಂದು ಗೊತ್ತಾದ ಕೂಡಲೇ ಪಕ್ಕದಲ್ಲಿರುವ ಮಗುವಿನ ಗ್ರಹಚಾರ ಶುರುವಾಗುತ್ತದೆ. "ಬಾ ಪುಟ್ಟಿ, ಅಂಕಲ್‌ಗೆ ಹಲ್ಲು ತೋರಿಸು." ಪುಟ್ಟಿ ತುಟಿ ಬಿಗಿದುಕೊಂಡು ಅಮ್ಮನ ಬೆನ್ನ ಹಿಂದೆ ಸರಿಯುತ್ತಾಳೆ. ನಾನು ನೋಡುವ ಮುಂಚೆಯೇ ಪ್ರಶ್ನೆ ಬಂದಿರುತ್ತದೆ: ಕ್ಲಿಪ್ ಯಾವಾಗ? ಫೋಟೋ ಕಳಿಸಿ ಕೇಳುವವರೂ ಇದ್ದಾರೆ. ಫೋಟೋದಲ್ಲಿ ಮುಂದಿನ ಆರು ಹಲ್ಲು ಕಾಣುತ್ತವೆ. ನನಗೆ ನೋಡಬೇಕಾದದ್ದು ಕೆನ್ನೆಯ ಒಳಗೆ, ಇನ್ನೂ ಸ್ವಲ್ಪ ಮೂಳೆಯ ಒಳಗೆ ಇರುತ್ತದೆ.

ಒಂದೇ ಮಾತಿನ ಉತ್ತರ ಬೇಕೆಂದರೆ, ಹೆಚ್ಚಿನ ಮಕ್ಕಳಿಗೆ 11ರಿಂದ 14 ವರ್ಷದ ನಡುವೆ. ಹಾಲುಹಲ್ಲುಗಳೆಲ್ಲ ಬಿದ್ದು ಶಾಶ್ವತ ಹಲ್ಲುಗಳು ಬಂದಿರುತ್ತವೆ ಅಥವಾ ಬರುತ್ತಿರುತ್ತವೆ, ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಆದರೆ ಇಷ್ಟು ಕೇಳಿಕೊಂಡು 11 ತುಂಬುವವರೆಗೆ ಸುಮ್ಮನಿದ್ದರೆ ಕೆಲವು ಮಕ್ಕಳಿಗೆ ತಡವಾಗುತ್ತದೆ. ಹಾಕಿಸುವುದು ಯಾವಾಗ ಅನ್ನುವುದಕ್ಕಿಂತ ಮೊದಲು ತೋರಿಸುವುದು ಯಾವಾಗ ಅನ್ನುವ ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಆರ್ಥೊಡಾಂಟಿಸ್ಟರ, ಅಂದರೆ ನನ್ನಂತೆ ಹಲ್ಲು ನೆಟ್ಟಗೆ ಮಾಡುವವರ, ಸಂಘ 7 ವರ್ಷ ದಾಟುವ ಮೊದಲು ಒಮ್ಮೆ ತೋರಿಸಿ ಎನ್ನುತ್ತದೆ. ನಾನು ಹೇಳುವುದೂ ಅದೇ.

ಏಳೇ ಯಾಕೆ? ಆರರ ಆಸುಪಾಸಿನಲ್ಲಿ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೇಲೇಳುವುದರಿಂದ ಇದನ್ನೂ ಹಾಲುಹಲ್ಲು ಎಂದುಕೊಂಡು, ಹುಳುಕಾದರೂ "ಹೇಗೂ ಬೀಳುತ್ತಲ್ಲ" ಎಂದು ಬಿಟ್ಟುಬಿಡುವವರು ಬಹಳ. ಅದು ಬೀಳುವ ಹಲ್ಲಲ್ಲ. ಎಡ್ವರ್ಡ್ ಆಂಗಲ್ ಎಂಬ ದಂತವೈದ್ಯರು 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದು ಮೇಲಿನ ಮತ್ತು ಕೆಳಗಿನ ಇದೇ ಹಲ್ಲುಗಳು ಹೇಗೆ ಕೂಡುತ್ತವೆ ಎಂಬುದರ ಮೇಲೆ, ಇವತ್ತಿಗೂ ನಾವು ಶುರು ಮಾಡುವುದು ಅಲ್ಲಿಂದಲೇ. ಏಳರ ಹೊತ್ತಿಗೆ ಮುಂದಿನ ಬಾಚಿಹಲ್ಲುಗಳೂ ಬದಲಾಗುತ್ತಿರುತ್ತವೆ. ಎಕ್ಸ್‌ರೇ ತೆಗೆದರೆ ಹುಟ್ಟದೇ ಇರುವ ಹಲ್ಲು, ಲೆಕ್ಕಕ್ಕಿಂತ ಹೆಚ್ಚು ಇರುವ ಹಲ್ಲು, ದಾರಿ ತಪ್ಪಿ ಮಲಗಿರುವ ಹಲ್ಲು ಗೊತ್ತಾಗುತ್ತವೆ.

ಹೀಗೆ ಬಂದ ಏಳರ ಮಕ್ಕಳಲ್ಲಿ ಹೆಚ್ಚಿನವರನ್ನು ನಾನು ಏನೂ ಮಾಡದೆ ಕಳಿಸುತ್ತೇನೆ. "ಮುಂದಿನ ವರ್ಷ ಬನ್ನಿ" ಎಂದಾಗ ಕೆಲವು ತಂದೆತಾಯಿಯರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಇಷ್ಟು ದೂರ ಬಂದು, ಇಷ್ಟು ಹೊತ್ತು ಕಾದು, ಬರಿಗೈಲಿ ಹೋಗಬೇಕಲ್ಲ ಎಂದು. ಮುಖ್ಯವಾಗಿ ಅವರನ್ನು ಕಾಡುತ್ತಿರುವುದು ಮುಂದಿನ ಸಂದಿ. ಏಳೆಂಟು ವರ್ಷದ ಮಗುವಿನ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದಿ, ಅಕ್ಕಪಕ್ಕದವು ಬೀಸಣಿಗೆಯಂತೆ ಹೊರಕ್ಕೆ ಹರಡಿಕೊಂಡಿರುತ್ತವೆ, ಪುಟ್ಟ ಮುಖಕ್ಕೆ ಹಲ್ಲು ಒಂದು ಅಳತೆ ದೊಡ್ಡದಾಗಿ ಕಾಣುತ್ತದೆ. ಹಾಲುಹಲ್ಲು ಎಷ್ಟು ಮುದ್ದಾಗಿದ್ದವು, ಈಗ ನೋಡಿ ಎಂದು ಸಂಕಟಪಡುತ್ತಾರೆ. ದಂತವೈದ್ಯರ ಭಾಷೆಯಲ್ಲಿ ಇದಕ್ಕೆ "ಕುರೂಪಿ ಬಾತುಮರಿಯ ಹಂತ" ಎಂದೇ ಹೆಸರು. ಮೇಲೆ ಮೂಳೆಯೊಳಗೆ ಇಳಿಯುತ್ತಿರುವ ಕೋರೆಹಲ್ಲು ಬಾಚಿಹಲ್ಲಿನ ಬೇರನ್ನು ಪಕ್ಕದಿಂದ ಒತ್ತುತ್ತದೆ. ಬೇರು ಒಳಕ್ಕೆ ಹೋದಾಗ ತುದಿ ಹೊರಕ್ಕೆ ವಾಲುತ್ತದೆ, ಅಷ್ಟೇ. ಕೋರೆಹಲ್ಲು 11–12ರ ಹೊತ್ತಿಗೆ ಕೆಳಗಿಳಿದಾಗ ಸಾಮಾನ್ಯವಾಗಿ ಈ ಸಂದಿ ತಾನಾಗಿ ಮುಚ್ಚುತ್ತದೆ. ತೀರಾ ಅಗಲವಾದ ಸಂದಿ ಮಾತ್ರ ಉಳಿಯಬಹುದು.

ಕೆಳಗಿನ ಬಾಚಿಹಲ್ಲುಗಳು ಒಂದರ ಮೇಲೊಂದು ಸ್ವಲ್ಪ ಏರಿಕೊಂಡಿದ್ದರೂ ಇದೇ ಮಾತು. ಹಿಂದಿನ ಹಾಲುಹಲ್ಲುಗಳು ಅವುಗಳ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಅಗಲ. ಅವು ಬಿದ್ದಾಗ ಕೆಳದವಡೆಯಲ್ಲಿ ಒಂದೊಂದು ಬದಿಗೆ ಸುಮಾರು 2 ಮಿಲಿಮೀಟರ್ ಜಾಗ ಉಳಿಯುತ್ತದೆ. ಅದಕ್ಕೇ ಹಾಲುಹಲ್ಲನ್ನು ಹುಳುಕಿಗೆ ಬಿಟ್ಟು ಕಿತ್ತುಹಾಕಿಸಬೇಡಿ ಎಂದು ನಾವು ಬಡಕೊಳ್ಳುವುದು. ಕಾಲಕ್ಕೆ ಮುಂಚೆ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ಜಾರಿ ಜಾಗ ನುಂಗುತ್ತದೆ.

ಇನ್ನು ಕಾಯಬಾರದ ಮಕ್ಕಳು. ಹಲ್ಲು ಕಚ್ಚಿದಾಗ ಮೇಲಿನ ಹಲ್ಲುಗಳು ಕೆಳಗಿನವನ್ನು ಡಬ್ಬಿಯ ಮುಚ್ಚಳದಂತೆ ಹೊರಗಿನಿಂದ ಮುಚ್ಚಬೇಕು. ಕೆಲವರಲ್ಲಿ ಒಂದು ಬದಿ ಮುಚ್ಚಳವೇ ಡಬ್ಬಿಯೊಳಗೆ ಸೇರಿಕೊಂಡಿರುತ್ತದೆ, ಇದಕ್ಕೆ ಕ್ರಾಸ್‌ಬೈಟ್ ಎನ್ನುತ್ತೇವೆ. ಆಗ ಮಗು ಸರಿಯಾಗಿ ಕಚ್ಚಲು ದವಡೆಯನ್ನು ಪಕ್ಕಕ್ಕೆ ಸರಿಸುತ್ತದೆ. ವರ್ಷಗಟ್ಟಲೆ ಹಾಗೆಯೇ ಸರಿಸಿದರೆ ದವಡೆ ವಾರೆಯಾಗಿ ಬೆಳೆಯುವ ಅಪಾಯವಿದೆ. ನೀವೇ ನೋಡಬಹುದು, ಆದರೆ "ಕಚ್ಚು" ಎಂದರೆ ಮಕ್ಕಳು ಮುಂದಿನ ಹಲ್ಲು ಕೂಡಿಸಿ ತೋರಿಸಿಬಿಡುತ್ತಾರೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಿಗೆ ತಾಗಿಸಿ, ಹಾಗೆಯೇ ಹಿಂದಿನ ಹಲ್ಲು ಕಚ್ಚಲು ಹೇಳಿ. ನಿಧಾನವಾಗಿ ಬಾಯಿ ಮುಚ್ಚುವಾಗ ಗದ್ದ ಒಂದು ಕಡೆಗೆ ಸರಿಯುತ್ತದೆಯೇ ಗಮನಿಸಿ. ಅಂಗುಳಿನ ಮೂಳೆ ಎರಡು ಹೋಳು, ನಡುವೆ ಹೊಲಿಗೆಯಂಥ ಗೆರೆ ಇದೆ. ಚಿಕ್ಕ ವಯಸ್ಸಿನಲ್ಲಿ ಆ ಹೊಲಿಗೆ ಬೆಸೆದಿರುವುದಿಲ್ಲವಾದ್ದರಿಂದ ಸ್ಕ್ರೂ ಇರುವ ಸಾಧನದಿಂದ ಮೇಲ್ದವಡೆಯನ್ನು ಅಗಲಿಸುವುದು ಸುಲಭ. ಹರೆಯ ಕಳೆಯುತ್ತಾ ಬಂದಂತೆ ಅದು ಗಟ್ಟಿಯಾಗುತ್ತದೆ.

ಕೆಳದವಡೆಯೇ ಮುಂದೆ ಬಂದಿದ್ದರೂ ಬೇಗ ತೋರಿಸಿ. ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಮುಖಕವಚದಂಥ ಸಾಧನ ಚೆನ್ನಾಗಿ ಕೆಲಸ ಮಾಡುವುದು ಸುಮಾರು 10 ವರ್ಷಕ್ಕಿಂತ ಮುಂಚೆ. ಶಾಶ್ವತ ಹಲ್ಲು ಬರತೊಡಗಿದ ಮೇಲೂ ಬೆರಳು ಚೀಪುವುದು ನಿಂತಿಲ್ಲವೆಂದರೆ ಅದಕ್ಕೂ ಏನಾದರೂ ಮಾಡಬೇಕು, ಬೈಯುವುದೊಂದನ್ನು ಬಿಟ್ಟು.

ಉಬ್ಬುಹಲ್ಲಿನ ವಿಷಯ ಸ್ವಲ್ಪ ಬೇರೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎಂದು ನಾವೇ ನಂಬಿದ್ದ ಕಾಲ ಒಂದಿತ್ತು. 1980ರ ದಶಕದ ಕೊನೆಯಿಂದ ಅಮೆರಿಕದಲ್ಲಿ, ಆಮೇಲೆ ಬ್ರಿಟನ್ನಿನಲ್ಲಿ, ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಎಂಟೊಂಬತ್ತರಲ್ಲೇ ಒಂದು ಸುತ್ತು, ಹರೆಯದಲ್ಲಿ ಇನ್ನೊಂದು ಸುತ್ತು. ಇನ್ನೊಂದು ಗುಂಪಿಗೆ ಹರೆಯದಲ್ಲಿ ಒಂದೇ ಸುತ್ತು. ಕೊನೆಗೆ ಎರಡು ಗುಂಪಿನ ಹಲ್ಲುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಬೇಗ ಮಾಡಿಸಿದವರಿಗೆ ಸಿಕ್ಕ ಲಾಭವೆಂದರೆ ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವುದು ಕಡಿಮೆಯಾಗಿದ್ದು. ಆದ್ದರಿಂದ ಹಲ್ಲು ತುಟಿಯ ಹೊರಗೇ ಇದ್ದು, ಮಗು ಕಾಲು ನೆಲಕ್ಕೆ ಊರದಂಥದ್ದಾಗಿದ್ದರೆ, ಅಥವಾ ಜೊತೆಗಾರರು ರೇಗಿಸುತ್ತಾರೆಂದು ನಗುವುದನ್ನೇ ಬಿಟ್ಟಿದ್ದರೆ, ನಾನು ಬೇಗ ಶುರು ಮಾಡುತ್ತೇನೆ. ಉಳಿದವರಿಗೆ ಬೆಳವಣಿಗೆಯ ಜಿಗಿತಕ್ಕೆ ಕಾಯುತ್ತೇನೆ. ಹುಡುಗಿಯರಲ್ಲಿ ಅದು ಸುಮಾರು 12ಕ್ಕೆ, ಹುಡುಗರಲ್ಲಿ 14ಕ್ಕೆ. ಒಂದೇ ವಯಸ್ಸಿನ ಅಕ್ಕನ ಮಗಳಿಗೂ ತಂಗಿಯ ಮಗನಿಗೂ ಬೇರೆ ಬೇರೆ ಉತ್ತರ ಕೊಟ್ಟೆನೆಂದು ಮುನಿಸಿಕೊಂಡವರಿದ್ದಾರೆ.

ಕೋರೆಹಲ್ಲಿನ ಬಗ್ಗೆ ಒಂದು ಮಾತು ಮರೆಯಬಾರದು. 10 ವರ್ಷದ ಹೊತ್ತಿಗೆ ಮೇಲಿನ ಹಾಲು ಕೋರೆಹಲ್ಲಿನ ಮೇಲೆ, ತುಟಿಯ ಒಳಬದಿಯ ಒಸಡಿನ ಮೇಲೆ ಬೆರಳಾಡಿಸಿದರೆ ಉಬ್ಬು ಸಿಗಬೇಕು. ಒಂದು ಬದಿ ಸಿಕ್ಕಿ ಇನ್ನೊಂದು ಬದಿ ಸಿಗದಿದ್ದರೆ ಎಕ್ಸ್‌ರೇ ಬೇಕು. ಸುಮಾರು ನೂರರಲ್ಲಿ ಇಬ್ಬರಿಗೆ ಈ ಹಲ್ಲು ಅಂಗುಳಿನ ಕಡೆಗೋ ಇನ್ನೆಲ್ಲಿಗೋ ತಿರುಗಿ ಮೂಳೆಯೊಳಗೇ ಸಿಕ್ಕಿಕೊಳ್ಳುತ್ತದೆ, ಪಕ್ಕದ ಹಲ್ಲಿನ ಬೇರನ್ನೂ ಕರಗಿಸಬಲ್ಲದು. ಬೇಗ ಗೊತ್ತಾದರೆ ಎಷ್ಟೋ ಸಲ ಹಾಲು ಕೋರೆಹಲ್ಲನ್ನು ಕಿತ್ತರೆ ಸಾಕು, ಶಾಶ್ವತದ್ದು ದಾರಿಗೆ ಬರುತ್ತದೆ. ತಡವಾದರೆ ಒಸಡು ಕೊಯ್ದು, ಹಲ್ಲಿಗೆ ಸರಪಳಿ ಅಂಟಿಸಿ ತಿಂಗಳುಗಟ್ಟಲೆ ಎಳೆಯಬೇಕು.

ವೃತ್ತಿಯ ಶುರುವಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. ಎಂಟು ವರ್ಷದ ಹುಡುಗ, ಮುಂದೆ ಸಂದಿ. ಅವನಮ್ಮನಿಗೆ ಅವಸರವಿತ್ತು, ನನಗೆ ಕೈ ತುರಿಸುತ್ತಿತ್ತು. ನಾಲ್ಕು ಹಲ್ಲಿಗೆ ತಂತಿ ಹಾಕಿ ಕೆಲವೇ ತಿಂಗಳಲ್ಲಿ ಸಂದಿ ಮುಚ್ಚಿದೆ, ಎಲ್ಲರಿಗೂ ಖುಷಿ. ಆಮೇಲೆ ಮುಚ್ಚಿದ್ದು ಬಿಚ್ಚಿಕೊಳ್ಳದಂತೆ ರಿಟೇನರ್, ಅದು ಕಳೆದು ಇನ್ನೊಂದು, ಅದು ಮುರಿದು ಮತ್ತೊಂದು. ಹನ್ನೆರಡಕ್ಕೆ ನಿಜವಾದ ಚಿಕಿತ್ಸೆ ಶುರುವಾಗಬೇಕಾದಾಗ ಅವನು ಕೇಳಿದ: "ಆಗಲೇ ಹಾಕಿದ್ರಲ್ಲ, ಮತ್ಯಾಕೆ?" ನನ್ನ ಹತ್ತಿರ ಉತ್ತರವಿರಲಿಲ್ಲ. ಬೇಸತ್ತ ಹುಡುಗ ಬ್ರಷ್ ಮಾಡುವುದನ್ನು ಅರ್ಧಕ್ಕೆ ಬಿಟ್ಟ. ತಂತಿ ತೆಗೆದಾಗ ಹಲ್ಲು ನೆಟ್ಟಗಿದ್ದವು, ಆದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ್ದ ಪ್ರತಿ ಬ್ರಾಕೆಟ್ಟಿನ ಸುತ್ತಲೂ ಸುಣ್ಣ ಬಳಿದಂತೆ ಬಿಳಿ ಕಲೆ. ಹಲ್ಲಿನ ಹೊರಪದರವಾದ ಎನಾಮಲ್‌ನ ಖನಿಜಾಂಶ ಕರಗಿದ ಗುರುತು ಅದು.

ಅಂದಿನಿಂದ ಶುರು ಮಾಡುವ ಮೊದಲು ಮಗುವನ್ನೇ ಕೂರಿಸಿ ಮಾತಾಡುತ್ತೇನೆ. ಪೂರ್ತಿ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು, ಅಷ್ಟು ದಿನವೂ ಬ್ರಷ್ ಹಿಡಿಯಬೇಕಾದದ್ದು ಆ ಮಗುವೇ. ಕೊಳೆ ಕಟ್ಟಿದ ಬಾಯಿಗೆ ಎಷ್ಟು ಒತ್ತಾಯಿಸಿದರೂ ತಂತಿ ಹಾಕುವುದಿಲ್ಲ, ಮೂರು ತಿಂಗಳು ಬಿಟ್ಟು ಬಾ ಎನ್ನುತ್ತೇನೆ. ಬೇರೆ ಯಾರಾದರೂ ಎಂಟರಲ್ಲೇ ಶುರು ಮಾಡೋಣ ಎಂದರೆ, "ಒಂದು ವರ್ಷ ಕಾದರೆ ಏನು ಕೆಡುತ್ತದೆ?" ಎಂದು ಅವರನ್ನೇ ಕೇಳಿ. ಕೆಡುವುದು ನಿಜವಾಗಿದ್ದರೆ ಎಕ್ಸ್‌ರೇ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಇಷ್ಟೆಲ್ಲ ಆಗಿ, ಮಗು ಹೊರಗೆ ಓಡಿದ ಮೇಲೆ, ಬಾಗಿಲ ಹತ್ತಿರ ನಿಂತು ಕೆಲವು ಅಮ್ಮಂದಿರು ದನಿ ತಗ್ಗಿಸಿ ಕೇಳುತ್ತಾರೆ: "ನನಗೀಗ ನಲವತ್ತು ಡಾಕ್ಟ್ರೇ. ತೀರಾ ತಡವಾಯ್ತೇನೋ ಅಲ್ವಾ?" ಇಲ್ಲ. ದವಡೆ ಇನ್ನು ಬೆಳೆಯುವುದಿಲ್ಲ, ಆದರೆ ಒಸಡೂ ಮೂಳೆಯೂ ಗಟ್ಟಿಯಾಗಿದ್ದರೆ ಹಲ್ಲು ಯಾವ ವಯಸ್ಸಿನಲ್ಲೂ ಸರಿಯುತ್ತದೆ. ಬನ್ನಿ, ಕೂತ್ಕೊಳ್ಳಿ, ನೋಡೋಣ.