ಅವತ್ತು ನಾನು ಚಾಕ್‌ಪೀಸ್ ಇಸ್ಕೊಂಡೆ

2022, ಕೋವಿಡ್‌ನಲ್ಲಿ ತಪ್ಪಿಹೋದ ಪಾಠ ತುಂಬಿಸುವ ಕಲಿಕಾ ಚೇತರಿಕೆಯ ವರ್ಷ. ಶಾಲೆ ಮೇ 16ಕ್ಕೇ ಶುರುವಾಗಿತ್ತು. ನವಲಗುಂದದ ಕಡೆ ನಾನು ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ, ಹತ್ತಿರದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ. ಕ್ಲಸ್ಟರಿನ ಒಂದು ಶಾಲೆಯಲ್ಲಿ ಗಣಿತದ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕ) ಹುದ್ದೆ ಖಾಲಿ ಇತ್ತು. ಆಗ ತಿಂಗಳಿಗೆ ಇದ್ದ 10,000 ರೂಪಾಯಿ ಗೌರವಧನಕ್ಕೆ ಬಿಎಸ್ಸಿ, ಬಿಎಡ್ ಆದವರು ಹಳ್ಳಿಗೆ ಎಲ್ಲಿ ಬರುತ್ತಾರೆ? ಕೊನೆಗೂ ಹುಬ್ಬಳ್ಳಿಯ ಒಬ್ಬ ಮೇಡಂ ಅತಿಥಿ ಶಿಕ್ಷಕಿಯಾಗಿ ಸಿಕ್ಕರು. ದಿನಾ ಎರಡು ಬಸ್, ಮೇಲೆ ಎರಿ ಮಣ್ಣಿನ ರಾಡಿಯಲ್ಲಿ ನಡಿಗೆ.

ಎರಡನೇ ವಾರವೇ ನಾನು ತರಗತಿ ವೀಕ್ಷಣೆಗೆ ಹೋದೆ. ಹೋಗಲೇಬೇಕು ಅಂತೇನಿರಲಿಲ್ಲ. ತಿಂಗಳ ಭೇಟಿಯ ಲೆಕ್ಕ ತುಂಬಿರಲಿಲ್ಲ, ಅಷ್ಟೇ.

ಏಳನೇ ತರಗತಿ, ಭಿನ್ನರಾಶಿ ಭಾಗಾಕಾರ. ಬೋರ್ಡ್ ಮೇಲೆ 3/4 ÷ 1/2. ಮೇಡಂ ಎರಡನೇದನ್ನು ಬಿಟ್ಟು ಮೊದಲನೇದನ್ನೇ ತಿರುಗಿಸಿಬಿಟ್ಟರು. ಉತ್ತರ 2/3 ಬಂತು. ಮಕ್ಕಳು ಬರೆದುಕೊಂಡರು.

ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದರೆ ಆಗುತ್ತಿತ್ತು. ನಾನು ಎದ್ದೆ. 'ಮೇಡಂ, ಕೊಡ್ರಿ ಇಲ್ಲಿ' ಅಂತ ಚಾಕ್‌ಪೀಸ್ ಇಸ್ಕೊಂಡೆ. 'ಮುಕ್ಕಾಲು ರೊಟ್ಟಿಯೊಳಗ ಅರ್ಧ ರೊಟ್ಟಿ ಎಷ್ಟು ಸಲ ಐತಿ?' ಅಂದೆ. ಒಬ್ಬ ಹುಡುಗ 'ಒಂದೂವರಿ ಸಲ ರೀ' ಅಂದ. ಕ್ಲಾಸೆಲ್ಲ ಚಪ್ಪಾಳೆ. ನನಗೆ ಎಷ್ಟು ಖುಷಿ ಅಂದರೆ ಇನ್ನೂ ಎರಡು ಲೆಕ್ಕ ಮಾಡಿಸಿದೆ. ಹತ್ತು ನಿಮಿಷ ಆಗಿರಬೇಕು. ತಿರುಗಿ ನೋಡಿದರೆ ಮೇಡಂ ಬಾಗಿಲ ಹತ್ತಿರ ಡಸ್ಟರ್ ಹಿಡಿದು ನಿಂತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅವರ ಮುಖವನ್ನೇ ನೋಡುತ್ತಿದ್ದಳು. ಆಗಲೂ ನನಗೆ ಹೊಳೆಯಲಿಲ್ಲ. 'ಪೂರ್ವಸಿದ್ಧತೆ ಸಾಲದು' ಅಂತ ಬರೆದು ಸಹಿ ಹಾಕಿಸಿಕೊಂಡೆ.

ಹೊರಡುವಾಗ ಅವರು ಒಂದೇ ಮಾತು ಕೇಳಿದರು: 'ಸರ್, ಗೌರವಧನ ಯಾವಾಗ ಆಗ್ತದ?' ಪಾಠ ಬರೋದಿಲ್ಲ, ರೊಕ್ಕದ ಚಿಂತಿ ನೋಡು ಅಂದುಕೊಂಡೆ. ಎರಡು ಬಸ್ಸಿನ ಚಾರ್ಜು ತಿಂಗಳಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಲಿಲ್ಲ. ನಾನು ಗಣಿತದ ಮಾಸ್ತರ, ಅಲ್ವಾ!

ಮರುದಿನ ಹೆಡ್‌ಮಾಸ್ಟರ್ ಫೋನ್. 'ಭಾಗಾಕಾರ ಸರಿ ಮಾಡಿದ್ರಿ ಸರ. ನಮ್ಮ ಟೀಚರ್‌ನ ಕಳದ್ರಿ.'

ಆ ವರ್ಷ ಬೇರೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರೇ ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ಎಂಟ್ರಿ ಮಾಡಿಕೊಂಡು ಗಣಿತವನ್ನೂ ಓಡಿಸಿದರು. ನಮ್ಮ ವೀಕ್ಷಣಾ ನಮೂನೆಯಲ್ಲಿ ಶಿಕ್ಷಕರ ತಪ್ಪು ಬರೆಯಲು ಜಾಗ ಬೇಕಾದಷ್ಟಿದೆ. ಅವರು ಎಷ್ಟು ಗಂಟೆಗೆ ಮನೆ ಬಿಟ್ಟರು ಅಂತ ಬರೆಯಲು ಒಂದು ಸಾಲೂ ಇಲ್ಲ. ಇದ್ದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ದಸರೆ ಮುಗಿದ ಮೇಲೆ ಮೇಡಂ ಫೋನ್ ಮಾಡಿದ್ದರು. ಹದಿಮೂರು ದಿನದ ಗೌರವಧನ ಇನ್ನೂ ಬಂದಿರಲಿಲ್ಲ. ಅನುದಾನ ಬಿಡುಗಡೆ ಆಗಿಲ್ಲ ಅಂದೆ.

'ಆಯ್ತು ಸರ್, ಬಂದ್ರ ತಿಳಸ್ರಿ' ಅಂದರು.